ಬಟ್ಟೆ ಹೊದ್ದ ಪಾತಾಳಗರಡಿ

ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಗೂಡಿನಲ್ಲಿರುವ ನಮ್ಮತ್ತೆಯ ಅಡಕತ್ತರಿ ಬಿಕ್ಕಳಿಸಿದರೆ ನಾನು ತಿರುಗಿಯೂ ನೋಡುವುದಿಲ್ಲ. ಸೌಟು ಆಡಿಸುತ್ತಲೇ "ಗಿರಿಜಾಂಬ" ಎನ್ನುತ್ತೇನೆ. ಸುಮ್ಮನಾಗುತ್ತದೆ. ಗಿರಿಜಾಂಬ ನನ್ನ ನಾದಿನಿ. ಅತ್ತೆ ತೀರಿಕೊಂಡ ಮೇಲೆ ಆ ಅಡಕತ್ತರಿ ತನಗೇ ಬರಬೇಕಿತ್ತು ಅಂತ ಅವಳ ಹೊಟ್ಟೆಯುರಿ. ಮೂರು ಬೀದಿ ಆಚೆ ತನ್ನ ಮನೆಯಲ್ಲಿ ಕೂತು ಅವಳು ಅದನ್ನು ನೆನೆಸಿಕೊಂಡಾಗಲೆಲ್ಲ ಇಲ್ಲಿ ಅದಕ್ಕೆ ಬಿಕ್ಕಳಿಕೆ. ನೆನೆಸಿಕೊಳ್ಳಲಿ ಪಾಪ, ಅದಕ್ಕೇನು ಖರ್ಚು. ಕೊಡುವುದಂತೂ ಇಲ್ಲ.

ನಮ್ಮೂರಿನಲ್ಲಿ ಮನುಷ್ಯರಿಗಾಗಲಿ ಮಣೆಗಾಗಲಿ, ನೆನೆಸಿಕೊಂಡವರ ಹೆಸರು ಹೇಳಿದರೆ ಬಿಕ್ಕಳಿಕೆ ನಿಲ್ಲುತ್ತದೆ. ನೀರಿಗೆ ನಿಲ್ಲುವುದಿಲ್ಲ. ಎದುರಿಗೆ ಕೂತು ಎಷ್ಟು ದಿಟ್ಟಿಸಿದರೂ ಏನೂ ಆಗುವುದಿಲ್ಲ. ಕಣ್ಣಿಗೆ ಮರೆಯಾದ ಮೇಲೆ ನೆನಪಾದರೆ ಮಾತ್ರ ಅದು ನೆನಪು. ಹೊರಗಿನವರಿಗೆ ಇದು ಹತ್ತುವುದಿಲ್ಲ. ಅವರದು ಬರೀ ಗಂಟಲಿನ ಬಿಕ್ಕಳಿಕೆ, ಒಂದು ಲೋಟ ನೀರು ಕುಡಿದರೆ ಹೋಗುತ್ತದೆ. ಬೇರೆ ಊರಿಂದ ಬಂದ ಸೊಸೆಗೂ ಮೊದಮೊದಲು ಹಾಗೆಯೇ. ಊರು ಅವಳನ್ನು ತನ್ನವಳು ಅಂದುಕೊಳ್ಳುವುದಕ್ಕೆ ಕಾಲ ಹಿಡಿಯುತ್ತದೆ. ಸೊಸೆ ಮೊದಲ ಸಲ ಬಿಕ್ಕಳಿಸಿ, ಅದು ನೀರಿಗೆ ನಿಲ್ಲದೆ ಯಾರದೋ ಹೆಸರಿಗೆ ನಿಂತ ದಿನ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡುತ್ತಾರೆ. ನನಗೂ ಮಾಡಿದ್ದರು. ನಮ್ಮತ್ತೆ ಸಕ್ಕರೆ ಕಮ್ಮಿ ಹಾಕಿದ್ದರು, ಅದು ಬೇರೆ ಮಾತು.

ನನ್ನ ಹೆಸರು ಪುಟ್ಟಗೌರಮ್ಮ. ಊರಿಗೆಲ್ಲ ಗೌರಕ್ಕ. ನನ್ನ ಮೆಸ್ಸಿನ ಎದುರಿಗೇ ನಮ್ಮೂರ ಮ್ಯೂಸಿಯಂ ಇದೆ, ಹಿಂದೆ ಹತ್ತಿ ಗೋದಾಮಾಗಿದ್ದ ಕಟ್ಟಡ. ಊರಿನವರು ಕೊಟ್ಟ ತೊಟ್ಟಿಲು, ನಗಾರಿ, ಗಿರಣಿಯ ಗಂಟೆ, ಹೀಗೆ ಜನ ನೆನೆಸಿಕೊಳ್ಳುವಂಥವು ಮುಂದಿನ ಹಾಲುಗಳಲ್ಲಿರುತ್ತವೆ. ಬಿಕ್ಕಳಿಸುವುದನ್ನು ನಿಲ್ಲಿಸಿದವು ಹಿಂದಿನ ಕೋಣೆಗೆ ಹೋಗುತ್ತವೆ. ಮ್ಯೂಸಿಯಂನ ಮುಂಬಾಗಿಲ ಮೇಲೆ ಹಿರಿಯರು ಒಂದು ಸಾಲು ಕೆತ್ತಿಸಿಟ್ಟಿದ್ದಾರೆ: "ಈ ಸೂರಿನ ಕೆಳಗೆ ಯಾರದೇ ನೆನಪಿಗೆ ಬಿಕ್ಕಳಿಸಿದ ಯಾವುದನ್ನೂ ಹೊರಗೆ ಕಳಿಸತಕ್ಕದ್ದಲ್ಲ." ಇಷ್ಟೇ ನಿಯಮ. ಇಷ್ಟನ್ನು ಪಾಲಿಸುವುದರಲ್ಲೇ ನಮ್ಮ ನಿರ್ದೇಶಕರಾದ ನಂಜುಂಡಾರಾಧ್ಯರ ತಲೆಗೂದಲು ಉದುರಿ ಹೋಗಿದೆ.

ಈ ಮ್ಯೂಸಿಯಂಗೆ ಫೆಲೋಗಳು ಅಂತ ಬರುತ್ತಾರೆ. ರಾಜಧಾನಿಯ ಒಂದು ಪ್ರತಿಷ್ಠಾನ ಇತಿಹಾಸ, ಸಾಹಿತ್ಯ, ಜಾನಪದ ಅಂತ ಪಿಎಚ್‌ಡಿ ಮುಗಿಸಿ ಮುಂದೇನು ಅಂತ ತಿಳಿಯದೆ ಕೂತ ಮಕ್ಕಳನ್ನು ಎರಡು ವರ್ಷದ ಮಟ್ಟಿಗೆ ಇಂಥ ಕಡೆಗೆ ಕಳಿಸುತ್ತದೆ. ಅವರು ಕೆಲಸ ಕಲಿಯಬೇಕು, ಕೊನೆಗೆ ತಮ್ಮದೇ ಒಂದು ಪ್ರದರ್ಶನ ಮಾಡಬೇಕು. ಪ್ರದರ್ಶನದ ಮಾರನೆಯ ದಿನ ಮೂರು ಜನರ ಸಮಿತಿ ಹಾಲಿನಲ್ಲಿ ಕೂತು ಕಿವಿಗೊಡುತ್ತದೆ. ನೋಡಿ ಹೋದವರು ಮನೆಯಲ್ಲಿ ನೆನೆಸಿಕೊಂಡು ಇಲ್ಲಿ ವಸ್ತುಗಳು ಬಿಕ್ಕಳಿಸಿದರೆ ಫೆಲೋ ಖಾಯಂ ಕ್ಯುರೇಟರ್. ಇಲ್ಲವಾದರೆ ಸಂಜೆ ಬಸ್ಸು. ಸಮಿತಿಯಲ್ಲಿ ಆರಾಧ್ಯರು ಒಬ್ಬರು, ಮ್ಯೂಸಿಯಂ ಟ್ರಸ್ಟಿನ ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರ್ ಬಷೀರ್ ಸಾಹೇಬರು ಒಬ್ಬರು, ಬೀದಿಯ ಪರವಾಗಿ ನಾನು. ನಾನು ಯಾಕೆ ಅಂದರೆ, ಒಳಗೆ ಪಾತ್ರೆ ಬಿದ್ದರೆ ಯಾವ ಪಾತ್ರೆ ಅಂತ ಹೊರಗಿಂದಲೇ ಹೇಳುವ ಕಿವಿ ನನ್ನದು.

ಫೆಲೋಗಳೆಲ್ಲ ಇಳಿದುಕೊಳ್ಳುವುದು ನನ್ನ ಮಹಡಿಯ ಕೋಣೆಯಲ್ಲಿ, ಉಣ್ಣುವುದು ನನ್ನ ಕೈಯಡುಗೆ. ನಾನೀಗ ಹೇಳಹೊರಟ ಹುಡುಗಿ ಹೇಮಾಕ್ಷಿಗಿಂತ ಮುಂಚೆ ಜಯತೀರ್ಥ ಅಂತ ಒಬ್ಬ ಹುಡುಗ ಬಂದಿದ್ದ. ಬಲು ಜಾಣ. ಪ್ರದರ್ಶನಕ್ಕೆ ಗೋಡೆ ತುಂಬ ಪರದೆ ಕಟ್ಟಿ ಬಣ್ಣಬಣ್ಣದ ಚಿತ್ರ ಬಿಟ್ಟ. ಕಡುಬೇಸಿಗೆ ಅಂತ ಕಲ್ಯಾಣ ಮಂಟಪದಿಂದ ದೊಡ್ಡದೊಂದು ಏಸಿ ಬಾಡಿಗೆಗೆ ತಂದು ಹಾಲಿನಲ್ಲಿ ನಿಲ್ಲಿಸಿದ. ಜನ ಬಂದರು, ಏಸಿಯ ಮುಂದೆ ನಿಂತರು, ಹಾಯ್ ಅಂದರು, ಹೋದರು. ಮಾರನೆಯ ದಿನ ಇಡೀ ಹಾಲಿನಲ್ಲಿ ಬಿಕ್ಕಳಿಸಿದ್ದು ಏಸಿ ಒಂದೇ. ನಿಯಮ ನಿಯಮವೇ. ಬಾಡಿಗೆಯವನು ಬಂದು ಎಷ್ಟು ಬಾಯಿ ಬಡಿದುಕೊಂಡರೂ ಆರಾಧ್ಯರು ಅದನ್ನು ಹೊರಗೆ ಬಿಡಲಿಲ್ಲ, ಟ್ರಸ್ಟು ಕೊಂಡುಕೊಳ್ಳಬೇಕಾಯಿತು. ಈಗಲೂ ಅಲ್ಲೇ ಇದೆ. "ಹವಾನಿಯಂತ್ರಕ. ಕಾಲ: ಇತ್ತೀಚಿನದು" ಅಂತ ಲೇಬಲ್ ಹಚ್ಚಿದ್ದಾರೆ. ಬೇಸಿಗೆಯಲ್ಲಿ ಅದರ ಬಿಕ್ಕಳಿಕೆ ಕೇಳಲಾರೆ.

ಜಯತೀರ್ಥ ಸಂಜೆ ಬಸ್ಸಿಗೆ ಹೋದ. ಎರಡು ವರ್ಷ ನನ್ನ ಕೈಯಲ್ಲಿ ಉಂಡವನು, ಹೋದ ಮೇಲೆ ಒಂದೇ ಒಂದು ದಿನ ಅವನ ಹೆಸರಿನ ಬಿಕ್ಕಳಿಕೆ ನನಗೆ ಬರಲಿಲ್ಲ. ಅವನಿಗಿಂತ ಮುಂಚೆ ಇದ್ದವಳದ್ದೂ ಇಲ್ಲ. ಬೇಸರವಾಗುತ್ತದೆ, ಯಾಕೆ ಸುಳ್ಳು ಹೇಳಲಿ. ಯಜಮಾನರು ಹೋದ ಮೇಲೆ ನನಗೆ ಬಿಕ್ಕಳಿಕೆಯೇ ಅಪರೂಪ. ಗಿರಿಜಾಂಬ ನೆನೆಸಿಕೊಳ್ಳುವುದು ಅಡಕತ್ತರಿಯನ್ನು, ನನ್ನನ್ನಲ್ಲ. ಅದಕ್ಕೇ ಹೇಮಾಕ್ಷಿ ಬಂದಿಳಿದ ದಿನ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಊಟ ಹಾಕುವುದು, ಬಾಡಿಗೆ ತಗೊಳ್ಳುವುದು, ಅಷ್ಟೇ.

ಎರಡು ಸೂಟ್‌ಕೇಸು, ದಿಂಬಿನಷ್ಟು ದಪ್ಪದ ಒಂದು ಥೀಸಿಸ್ಸು ಹೊತ್ತುಕೊಂಡು ಬಂದಳು. ಹೆಸರು ಡಾಕ್ಟರ್ ಹೇಮಾಕ್ಷಿ. "ಆಂಟಿ, ರೂಮು ಮೇಲೇನಾ?" ಅಂದಳು.

"ಆಂಟಿ ಅಂದ್ರೆ ಅನ್ನ ಹಾಕಲ್ಲ. ಗೌರಕ್ಕ ಅನ್ನು" ಅಂದೆ. "ಯಾವುದರಲ್ಲಿ ಮಾಡಿದೀಯ ನಿನ್ನ ಪಿಎಚ್‌ಡಿ?"

"ಒಗಟಿನಲ್ಲಿ, ಗೌರಕ್ಕ."

"ಒಗಟು ಅಂದ್ರೆ? ಹಾಡು ಹಸೆ ಹೇಳ್ವಾಗ ಕೇಳ್ತಾರಲ್ಲ, ಆ ಒಗಟಾ?"

"ಅದೇ. ಎಂಟು ವರ್ಷ."

ಎಂಟು ವರ್ಷ ಒಗಟು ಬಿಡಿಸಿದವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ಒಂದೊಂದೇ ತಿಳಿಯಿತು. ಮೂರು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅಲೆದಿದ್ದಳು. ಸಂದರ್ಶನಗಳಲ್ಲಿ "ಒಗಟಿನಿಂದ ಏನಮ್ಮ ಉಪಯೋಗ" ಅಂತ ಕೇಳಿ ಕಳಿಸಿದ್ದರು. ಈ ಕೆಲಸ ಕೈಗೆ ಹತ್ತದಿದ್ದರೆ ಅವಳ ಭಾವನ ಟೈಲ್ಸ್ ಅಂಗಡಿಯ ಕೌಂಟರು ಕಾದಿತ್ತು. ಭಾವ ಕೆಟ್ಟವನಲ್ಲವಂತೆ. ಆದರೆ ಅವನು ಫೋನ್ ಮಾಡಿದಾಗಲೆಲ್ಲ "ಕುರ್ಚಿ ಹಾಕಿಸಿದೀನಿ ನಿಂಗೆ" ಅನ್ನುತ್ತಿದ್ದ, ಇವಳು ಆ ದಿನ ಊಟ ಬಿಡುತ್ತಿದ್ದಳು. ನನಗೆ ಆ ಭಾವನ ಮೇಲೆ ಸಿಟ್ಟು ಬರುತ್ತಿತ್ತು, ಮಾಡಿದ ಅನ್ನ ಉಳಿಯುತ್ತದಲ್ಲ.

ಅವಳಿಗೆ ಒಂದು ಚಾಳಿ. ಯಾರು ಸಿಕ್ಕರೂ ಒಗಟು ಕೇಳುವುದು. ಹಾಲು ಹಾಕುವ ಚನ್ನಕೇಶವನಿಗೆ ಕೇಳುತ್ತಾಳೆ, ಟೈಲರ್ ನಿಂಗರಾಜುವಿಗೆ ಕೇಳುತ್ತಾಳೆ, ಬಸ್ಸಿನ ಕಂಡಕ್ಟರಿಗೆ ಟಿಕೆಟ್ಟಿನ ಜೊತೆ ಒಂದು ಕೊಡುತ್ತಾಳೆ. ಕೇಳಿ, ಕೆಳತುಟಿಯನ್ನು ಒಂದು ಪಕ್ಕಕ್ಕೆ ಸೊಟ್ಟ ಮಾಡಿಕೊಂಡು ಸುಮ್ಮನೆ ನಿಲ್ಲುತ್ತಾಳೆ. ಕಾಲಿಗೆ ಬಿದ್ದರೂ ಉತ್ತರ ಹೇಳುವುದಿಲ್ಲ. ಒಂದು ದಿನ ಚನ್ನಕೇಶವ ಉತ್ತರ ಹೊಳೆಯದೆ ನನ್ನ ಹಾಲಿನ ಜಾಗದಲ್ಲಿ ಮಜ್ಜಿಗೆ ಅಳೆದು ಹೋದ.

ಇಷ್ಟೆಲ್ಲ ಇದ್ದರೂ ಅವಳಿಗೆ ಒಳಗೊಳಗೇ ಒಂದು ಕೊರತೆ ಇತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹಸಿಮೆಣಸಿನಕಾಯಿ ಕಚ್ಚಿ ಹಿಕ್ ಅಂದಳು. ಎಲೆ ಬಿಟ್ಟು ಎದ್ದು ಅಡುಗೆಮನೆಗೆ ಓಡಿ ಬಂದು, "ಗೌರಕ್ಕ, ಹೆಸರು ಹೇಳಿ, ಬೇಗ ಹೆಸರು ಹೇಳಿ" ಅಂದಳು. ನಾನು ಚನ್ನಕೇಶವ ಅಂದೆ, ನಿಂಗರಾಜು ಅಂದೆ, ಆರಾಧ್ಯರು ಅಂದೆ, ಕೊನೆಗೆ ಅವಳ ಭಾವನ ಹೆಸರೂ ಕೇಳಿಕೊಂಡು ಹೇಳಿದೆ. ನಿಲ್ಲಲಿಲ್ಲ. ಒಂದು ಲೋಟ ನೀರು ಕುಡಿದಳು, ನಿಂತು ಹೋಯಿತು. ಅವಳ ಮುಖ ನೋಡಲಾಗಲಿಲ್ಲ.

"ಬಂದು ಒಂದೂವರೆ ವರ್ಷ ಆಯ್ತು ಗೌರಕ್ಕ. ನಿಮ್ಮೂರು ನನ್ನನ್ನ ನೆನೆಸಿಕೊಳ್ಳಲ್ಲ ಬಿಡಿ" ಅಂದಳು.

"ನೀನಿನ್ನೂ ಇಲ್ಲೇ ಇದೀಯಲ್ಲೇ, ಯಾರಾದ್ರೂ ಯಾಕೆ ನೆನೆಸಿಕೊಳ್ಳಬೇಕು? ಹೊತ್ತು ಹೊತ್ತಿಗೆ ಕಣ್ಣೆದುರಿಗೇ ಬಂದು ಒಗಟು ಹೇಳ್ತೀಯ" ಅಂತ ಗದರಿ ಎಲೆಗೆ ಇನ್ನೊಂದು ಸೌಟು ಹುಳಿ ಹಾಕಿದೆ. ಆದರೆ ನನಗೂ ಕೆಡುಕೆನಿಸಿತು. ಮನಸ್ಸು ಗಟ್ಟಿ ಮಾಡಿಕೊಂಡದ್ದೆಲ್ಲ ಅಷ್ಟು ಹೊತ್ತಿಗೆ ಯಾವ ಮೂಲೆಗೆ ಹೋಗಿತ್ತೋ.

ಪ್ರದರ್ಶನದ ಹೊತ್ತು ಹತ್ತಿರ ಬಂದಾಗ ಆರಾಧ್ಯರು ಅವಳನ್ನು ಕರೆದುಕೊಂಡು ನನ್ನ ಮೆಸ್ಸಿಗೆ ಕಾಫಿಗೆ ಬಂದರು. ನಿಯಮದ ಮನುಷ್ಯ ನಿಜ, ಆದರೆ ಕರುಳಿದ್ದವರು. "ನೋಡಮ್ಮ, ತೊಟ್ಟಿಲು ಇಡು, ನಗಾರಿ ಇಡು, ಗಿರಣಿ ಗಂಟೆ ಇಡು. ಊರೆಲ್ಲ ಅವನ್ನ ನೆನೆಸಿಕೊಳ್ಳುತ್ತೆ. ನೀನು ಏನೂ ಮಾಡದಿದ್ರೂ ಬಿಕ್ಕಳಿಸ್ತವೆ. ಖಾಯಂ ಆಗ್ತೀಯ" ಅಂದರು.

"ಅವು ನಾನು ಬರೋಕೆ ಮುಂಚೇನೂ ಬಿಕ್ಕಳಿಸ್ತಿದ್ವು ಸರ್. ಅದರಲ್ಲಿ ನನ್ನ ಕೆಲಸ ಏನು ಬಂತು?"

"ಕೆಲಸ ಏನು ಬಂತು ಅಂದ್ರೆ, ಕೆಲಸ ಬಂತು" ಅಂದರು ಆರಾಧ್ಯರು.

ಅವಳು ಕೇಳಲಿಲ್ಲ. ಹಿಂದಿನ ಕೋಣೆಯ ಬೀಗ ತೆಗೆಸಿ ಒಳಗೆ ಹೋದಳು. ಯಾವ ಕಾಲದಿಂದಲೋ ಒಂದು ಸದ್ದೂ ಮಾಡದ ವಸ್ತುಗಳವು. ಸೀಮೆಎಣ್ಣೆ ಸುರಿಯುವ ಆಲಿಕೆ, ಕಂದೀಲಿನ ಗಾಜು ಒರೆಸುವ ಕೋಲು, ಇಂಥವೇ ಹತ್ತು ಹನ್ನೆರಡು ಆರಿಸಿ ತಂದಳು. ಅದರಲ್ಲಿ ಒಂದು ಪಾತಾಳಗರಡಿ. ಬಾವಿಗೆ ಕೊಡ ಬಿದ್ದರೆ ಹಗ್ಗ ಕಟ್ಟಿ ಇಳಿಬಿಟ್ಟು ಎತ್ತುತ್ತಿದ್ದೆವಲ್ಲ, ಸುತ್ತಲೂ ಕೊಕ್ಕೆಗಳ ಗೊಂಚಲು, ಅದು. ನಾನು ಸೊಸೆಯಾಗಿ ಬಂದಾಗ ಬೀದಿಗೊಂದು ಇರುತ್ತಿತ್ತು. ನಲ್ಲಿ ಬಂತು, ಎಲ್ಲರೂ ಮರೆತೆವು. ಅವಳು ಅದನ್ನು ನಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುತ್ತ ಕೂತಿದ್ದಳು.

"ಗೌರಕ್ಕ, ಬಿದ್ದು ಹೋಗಿದ್ದನ್ನೆಲ್ಲ ಎತ್ತಿ ಕೊಡೋದೇ ಇದರ ಕೆಲಸ. ನೀವು ಇದನ್ನೇ ಬೀಳಿಸಿಬಿಟ್ಟಿದೀರಲ್ಲ" ಅಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಹುಣಸೆಹಣ್ಣಿನ ಕೈಯಲ್ಲಿ ಒರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಳು.

ಅವಳ ಯೋಚನೆ ಹೀಗಿತ್ತು. ವಸ್ತುಗಳನ್ನು ಮೇಜಿನ ಮೇಲೆ ಇಟ್ಟು ಒಂದೊಂದಕ್ಕೂ ಬಿಳಿ ಬಟ್ಟೆ ಹೊದಿಸುವುದು. ಲೇಬಲ್ಲಿನ ಜಾಗದಲ್ಲಿ ಒಗಟು. ಬಟ್ಟೆ ತೆಗೆಯುವುದು ಮಾರನೆಯ ದಿನ ಸಂಜೆ.

"ಮುಚ್ಚಿಟ್ರೆ ಜನ ಏನನ್ನ ನೆನೆಸಿಕೊಳ್ತಾರೆ?" ಅಂತ ಕೇಳಿದೆ.

"ತೋರಿಸಿದ್ರೆ ನೋಡಿ ಮರೀತಾರೆ ಗೌರಕ್ಕ. ತೋರಿಸದಿದ್ರೆ ಮನೆಗೆ ಹೋಗಿ ತಲೆಯೊಳಗೆ ಹುಡುಕ್ತಾರೆ. ಹುಡುಕಿ ಸಿಕ್ಕಿದ್ದನ್ನ ಯಾರೂ ಮರೆಯಲ್ಲ. ಥೀಸಿಸ್ಸಿನ ನಾಲ್ಕನೇ ಅಧ್ಯಾಯ ಇದೇ."

ನಾನು ಏಳನೇ ಕ್ಲಾಸು. ನಾಲ್ಕನೇ ಅಧ್ಯಾಯಕ್ಕೆ ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಸರಿ ಅಂತಲೇ ಅನಿಸಿತು.

ಪ್ರದರ್ಶನದ ದಿನ ಊರಿಗೆ ಊರೇ ಬಂತು. ಜಾತ್ರೆಯಲ್ಲೂ ಅಷ್ಟು ಗಲಾಟೆ ನಾನು ಕೇಳಿಲ್ಲ. ಆಲಿಕೆಯ ಮುಂದೆ ಬರೆದಿತ್ತು: "ಎಷ್ಟು ಕುಡಿದರೂ ನನ್ನ ಹೊಟ್ಟೆ ತುಂಬದು, ಕುಡಿದದ್ದೆಲ್ಲ ಪಕ್ಕದವನ ಹೊಟ್ಟೆಗೆ." ಕಂದೀಲು ಕೋಲಿನ ಮುಂದೆ: "ನಾನು ಕಪ್ಪಾದಷ್ಟೂ ಮನೆ ಬೆಳ್ಳಗಾಗುತ್ತದೆ." ನಡುವಿನ ಮೇಜಿನ ಮೇಲೆ ಪಾತಾಳಗರಡಿ, ಅದರ ಮುಂದೆ: "ಕೈ ಹತ್ತಾರು, ಹೊಟ್ಟೆ ಇಲ್ಲ. ನೀರಿಗಿಳಿಯುತ್ತೇನೆ, ಈಜು ಬಾರದು. ಜಾರಿ ಬಿದ್ದವರನ್ನೆಲ್ಲ ತಬ್ಬಿಕೊಂಡು ಮೇಲೆ ಬರುತ್ತೇನೆ." ಜನ ತಲೆ ಕೆರೆದುಕೊಂಡರು, ಗಂಡ ಹೆಂಡಿರು ಜಗಳವಾಡಿದರು. ನಿಂಗರಾಜು ಬಟ್ಟೆಯ ತುದಿ ಎತ್ತಿ ನೋಡಲು ಹೋಗಿ ಬೈಸಿಕೊಂಡ. "ಮೇಡಂ, ಒಂದು ಸುಳಿವಾದ್ರೂ ಕೊಡಿ" ಅಂತ ಚನ್ನಕೇಶವ ಗೋಗರೆದ. ನನ್ನ ನಾದಿನಿ ಗಿರಿಜಾಂಬ ಕೂಡ ಬಂದು, "ಅಡಕತ್ತರಿನಾ?" ಅಂತ ಎಲ್ಲ ಬಟ್ಟೆಯ ಮುಂದೆಯೂ ಕೇಳಿದಳು. ಹೇಮಾಕ್ಷಿ ನಡುವೆ ನಿಂತು, ತುಟಿ ಸೊಟ್ಟ ಮಾಡಿಕೊಂಡು, "ನಾಳೆ ಸಂಜೆ" ಅನ್ನುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ಎರಡು ವರ್ಷದಲ್ಲಿ ನೋಡಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ತಿಂಡಿ ಕೊಡಲು ಮಹಡಿಗೆ ಹೋದರೆ ಅವಳ ಎರಡು ಸೂಟ್‌ಕೇಸೂ ಬಾಗಿಲ ಬಳಿ ನಿಂತಿದ್ದವು. "ಏನೇ ಇದು ಅಪಶಕುನ" ಅಂದೆ. "ಆಗದಿದ್ರೆ ಆಮೇಲೆ ಕೂತು ಬಟ್ಟೆ ಮಡಚಿಡೋಕೆ ನನ್ನ ಕೈಯಲ್ಲಿ ಆಗಲ್ಲ ಗೌರಕ್ಕ" ಅಂದಳು. ಚಿತ್ರಾನ್ನ ಅರ್ಧ ತಿಂದಳು.

ಸಮಿತಿ ಕೂತಿತು. ಬಷೀರ್ ಸಾಹೇಬರು ಆಕಳಿಸುತ್ತಲೇ ಬಂದರು. "ಅಟ್ಟದಲ್ಲಿ ಇಲಿ ಕಣ್ರೀ, ನಿನ್ನೆ ಸಂಜೆಯಿಂದ ಟಣ್ ಟಣ್ ಅಂತಾವೆ" ಅಂದರು. ನಮ್ಮ ಅಟ್ಟದಲ್ಲೂ ಏನೋ ಸದ್ದಾಗಿತ್ತು, ಬೆಕ್ಕಿರಬೇಕು ಅಂತ ನಾನು ಏಳಲಿಲ್ಲ. ಕೇಳಲು ಕೂತವರು ಬೇರೆ ಯೋಚನೆ ಮಾಡಬಾರದು. ಬೆರಳಿಗೊಂದು ಕೆಲಸ, ಮನಸ್ಸಿಗೊಂದು ಕೆಲಸ ಇರಬೇಕು ಅಂತ ಮಗ್ಗಿ ಹೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಆರಾಧ್ಯರದ್ದು ಹತ್ತೊಂಬತ್ತರ ಮಗ್ಗಿ, ಬಷೀರ್ ಸಾಹೇಬರದ್ದು ಹದಿನಾರರದ್ದು. ನನಗೆ ಬರುವುದು ಹನ್ನೆರಡರವರೆಗೆ, ಅದನ್ನೇ ತಿರುವಿ ತಿರುವಿ ಹೇಳಿಕೊಂಡೆ. ಹೇಮಾಕ್ಷಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು.

ಒಂದು ಸದ್ದಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲೆ ಬಂತು, ಮೇಜಿನಿಂದ ನೆಲಕ್ಕೆ ಬಂತು. ಪಕ್ಕದ ಹಾಲಿನಲ್ಲಿ ನಗಾರಿ ಆಗಾಗ ಗುಡುಕ್ ಅನ್ನುತ್ತಿತ್ತು, ಅದರ ಜಂಬ ಅದಕ್ಕೆ. ಬಿಳಿ ಬಟ್ಟೆಗಳು ಮಾತ್ರ ಅಲ್ಲಾಡಲಿಲ್ಲ. ನಾನು ಹನ್ನೆರಡು ಏಳಲೆ ಮರೆತು ಮರೆತು ಮತ್ತೆ ಮೊದಲಿಂದ ಹಿಡಿಯುತ್ತಿದ್ದೆ. ಬಿಕ್ಕಳಿಸು ತಾಯಿ, ಒಂದು ಸಲ ಬಿಕ್ಕಳಿಸು, ನಿನಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ ಅಂತ ಆ ಪಾತಾಳಗರಡಿಗೆ ಮನಸ್ಸಿನಲ್ಲೇ ಹರಕೆ ಹೊತ್ತೆ. ಎದುರಿಗೆ ಕೂತು ಹೊತ್ತ ಹರಕೆಗೆ ಅದು ಕರಗುತ್ತದೆಯೇ.

ಊಟದ ಹೊತ್ತಾಯಿತು. ಆರಾಧ್ಯರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಕೆಟ್ಟ ಸುದ್ದಿ ಹೇಳುತ್ತಾರೆ ಅಂತ ಅರ್ಥ. "ಹೇಮಾಕ್ಷಿ" ಅಂತ ಶುರು ಮಾಡಿದರು.

ಹಿಕ್.

ಮೂವರೂ ಬಟ್ಟೆಗಳ ಕಡೆ ತಿರುಗಿದೆವು. ಬಷೀರ್ ಸಾಹೇಬರು ಎದ್ದು ಪಾತಾಳಗರಡಿಯ ಹತ್ತಿರ ಕಿವಿ ಇಟ್ಟರು. ಆರಾಧ್ಯರು ಏಸಿಯ ಮೇಲೆ ಕೈ ಇಟ್ಟು ನೋಡಿದರು, ಅವರಿಗೆ ಅದರ ಮೇಲೆ ಯಾವತ್ತೂ ಅನುಮಾನ. ಮತ್ತೆ ಹಿಕ್. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ನಾನು ಬಾಗಿಲ ಕಡೆ ನೋಡಿದೆ.

ಹೇಮಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಸಾರಿ ಸರ್. ಚಿತ್ರಾನ್ನ ಬೇಗ ಬೇಗ ತಿಂದೆ" ಅಂದಳು. ಬಾಟಲಿ ಎತ್ತಿ ನೀರು ಕುಡಿದಳು. ಹಿಕ್. ಇನ್ನಷ್ಟು ಕುಡಿದಳು. ಹಿಕ್. ಬಾಟಲಿ ಖಾಲಿಯಾಯಿತು, ಬಿಕ್ಕಳಿಕೆ ಹಾಗೆಯೇ.

ನಾನು ಮೆಲ್ಲಗೆ "ಚನ್ನಕೇಶವ" ಅಂದೆ.

ನಿಂತಿತು.

ಅವಳು ನನ್ನನ್ನೇ ನೋಡಿದಳು. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಯಿತು. "ನಿಂಗರಾಜು" ಅಂದೆ. ನಿಂತಿತು. ಮತ್ತೆ ಶುರು. ಬಷೀರ್ ಸಾಹೇಬರು ತಡೆಯಲಾರದೆ ತಮ್ಮ ಬೀಬಿಯ ಹೆಸರು ಹೇಳಿದರು, ಅದಕ್ಕೂ ನಿಂತಿತು. ಕಂಡಕ್ಟರು, ಔಷಧಿ ಅಂಗಡಿಯವನು, ಹೂವಿನ ಸಾಕಮ್ಮ, ಯಾರ ಹೆಸರು ಎತ್ತಿದರೂ ಒಂದು ಗಳಿಗೆ ನಿಂತು ಇನ್ನೊಬ್ಬರ ಪಾಲಿನದು ಬರುತ್ತಿತ್ತು. ಸುಮ್ಮನೆ ತಮಾಷೆಗೆ ಗಿರಿಜಾಂಬನ ಹೆಸರೂ ಹೇಳಿದೆ. ನಿಂತಿತು. ನನ್ನ ನಾದಿನಿ ಅಡಕತ್ತರಿ ಬಿಟ್ಟು ಬೇರೆ ಏನನ್ನಾದರೂ ನೆನೆಸಿಕೊಂಡದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

"ಇದು ನಿಜವಾದ್ದಾ ಗೌರಕ್ಕ? ಊರಿನದ್ದಾ?" ಅಂತ ಕೇಳಿದಳು ಹುಡುಗಿ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಬಿಕ್ಕಳಿಕೆಯ ನಡುವೆ ಗೊತ್ತಾಗುತ್ತಿರಲಿಲ್ಲ. ನಾನಂತೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಆರಾಧ್ಯರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. "ಸಂತೋಷ ಕಣಮ್ಮ, ಬಹಳ ಸಂತೋಷ. ಆದರೆ ಪ್ರದರ್ಶನ ಬಿಕ್ಕಳಿಸಲಿಲ್ಲವಲ್ಲ" ಅಂದರು.

"ಹೌದು ಸರ್." ಅವಳು ಎದ್ದು ನಿಂತಳು. "ತಪ್ಪು ನಂದೇ. ಒಗಟು ಬಿಡಿಸಲಾರದವರು ಒಗಟು ಕೇಳಿದವಳನ್ನ ನೆನೆಸಿಕೊಂಡು ಬೈಕೊಳ್ತಿದಾರೆ. ಬಟ್ಟೆ ಒಳಗಿರೋದನ್ನ ಅವರು ನೋಡೇ ಇಲ್ಲ, ಹ್ಯಾಗೆ ನೆನೆಸಿಕೊಳ್ತಾರೆ? ನಾಲ್ಕನೇ ಅಧ್ಯಾಯದಲ್ಲಿ ಇದು ನನಗೆ ಹೊಳೀಲೇ ಇಲ್ಲ."

"ಬಿಡಿಸಿದವರು?" ಅಂದರು ಬಷೀರ್ ಸಾಹೇಬರು. "ಗೌರಮ್ಮ, ನಾನು ನಿನ್ನೆ ಪೇಟೆಯಿಂದ ಮನೆಗೆ ನಡ್ಕೊಂಡು ಹೋಗ್ವಾಗ ಆ ಕೊಕ್ಕೆ ಒಗಟು ಬಿಡಿಸಿದೆ. ಪಾತಾಳಗರಡಿ ಅಂತ ಹೊಳೀತು. ನಮ್ಮಪ್ಪನ ಕಾಲದ್ದು ಒಂದು ನಮ್ಮ ಅಟ್ಟದಲ್ಲಿತ್ತಲ್ಲ ಅಂತ ನೆನಪಾಯ್ತು. ಮನೆ ಮುಟ್ಟಿದರೆ ಇಲಿ ಸದ್ದು." ಅವರು ಹಣೆ ಬಡಿದುಕೊಂಡರು. "ಅದು ಇಲಿ ಅಲ್ಲ."

ಆಗ ನನಗೂ ನಮ್ಮ ಅಟ್ಟದ ಬೆಕ್ಕು ಯಾವುದು ಅಂತ ಗೊತ್ತಾಯಿತು. ಮೆಸ್ಸಿನ ಕಂದೀಲು ಕೋಲನ್ನು ನಾನೇ ನಿನ್ನೆ ಸಂಜೆ ಹಾಲಿನಲ್ಲಿ ನಿಂತು ನೆನೆಸಿಕೊಂಡಿದ್ದೆ. ಹೇಮಾಕ್ಷಿ ಹೇಳಿದ್ದು ಅರ್ಧ ಸರಿಯಾಗಿತ್ತು. ಜನ ಹುಡುಕಿದ್ದರು, ಸಿಕ್ಕಿದ್ದು ಮಾತ್ರ ಅವರವರ ಮನೆಯದು. ಮಾತು ಮುಗಿಯುವ ಮೊದಲೇ ಹೊರಗೆ ಗಲಾಟೆ ಕೇಳಿಸಿತು. ಯಾರೋ ತುಕ್ಕು ಹಿಡಿದ ಕೊಕ್ಕೆಗಳ ಗೊಂಚಲನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದರು, ಇನ್ನೊಬ್ಬರ ಕೈಯಲ್ಲಿ ಸೊಟ್ಟಗಾದ ಆಲಿಕೆ. "ಮೇಡಂ, ಇದೇನಾ ಉತ್ತರ? ಅಟ್ಟದಲ್ಲಿ ಒಂದೇ ಸಮ ಬಿಕ್ಕಳಿಸ್ತಿದೆ" ಅಂತ ಬಾಗಿಲಲ್ಲೇ ಕೂಗಿದರು.

ಆರಾಧ್ಯರು ಅವರನ್ನು ಹೊರಗೇ ನಿಲ್ಲಿಸಿದರು. "ಅವು ಅವರವರ ಮನೆಯಲ್ಲಿ ಬಿಕ್ಕಳಿಸಿವೆ. ನಮ್ಮ ಸೂರಿನ ಕೆಳಗೆ ಅಲ್ಲ. ನಾನೇನು ಮಾಡಲಿ? ನನಗೇನು ಇವಳ ಮೇಲೆ ದ್ವೇಷವೇ? ಆದರೆ ನಿಯಮ ಅಂತ ಒಂದು ಇದೆಯಲ್ಲ" ಅಂದರು.

ಬಷೀರ್ ಸಾಹೇಬರು ಬಾಗಿಲಿಗೆ ಹೋಗಿ, ಮೇಲೆ ನೋಡಿ, ಕೆತ್ತಿದ ಸಾಲನ್ನು ನಿಧಾನವಾಗಿ ಓದಿದರು. "ಈ ಸೂರಿನ ಕೆಳಗೆ ಯಾರದೇ ನೆನಪಿಗೆ ಬಿಕ್ಕಳಿಸಿದ ಯಾವುದನ್ನೂ ಹೊರಗೆ ಕಳಿಸತಕ್ಕದ್ದಲ್ಲ." ಓದಿ, ಬೆರಳಿನಿಂದ ಹೇಮಾಕ್ಷಿಯನ್ನು ತೋರಿಸಿದರು. ಅವಳು ಹಿಕ್ ಅಂದಳು.

"ಸಾಹೇಬ್ರೇ, ಅದು ಪ್ರದರ್ಶನದ ವಸ್ತುಗಳಿಗೆ" ಅಂದರು ಆರಾಧ್ಯರು.

"ಏಸಿ ಪ್ರದರ್ಶನದ ವಸ್ತುವಾಗಿತ್ತಾ? ಬಾಡಿಗೆಗೆ ತಂದಿದ್ದು. ಅದನ್ನ ಹೊರಗೆ ಬಿಡಲ್ಲ ಅಂತ ಬಾಗಿಲಿಗೆ ಅಡ್ಡ ಮಲಗಿದೋರು ಯಾರು?"

ಆರಾಧ್ಯರು ಏಸಿಯನ್ನು ನೋಡಿದರು. ಹುಡುಗಿಯನ್ನು ನೋಡಿದರು. ಅಷ್ಟು ಹೊತ್ತಿಗೆ ಊರಿನಲ್ಲಿ ಯಾರಿಗೋ ಸೆಕೆಯಾಗಿರಬೇಕು, ಏಸಿ ಕೂಡ ಗಡಕ್ ಅಂತ ಒಂದು ಸಲ ಬಿಕ್ಕಳಿಸಿತು. ಆರಾಧ್ಯರ ಮುಖದ ಮೇಲೆ ನಿಧಾನವಾಗಿ ನಗು ಬಂತು. ಆ ಮನುಷ್ಯ ನಕ್ಕದ್ದನ್ನು ನಾನು ಅವರ ಮಗಳ ಮದುವೆಯಲ್ಲೂ ನೋಡಿರಲಿಲ್ಲ.

"ನಿಯಮ ನಿಯಮವೇ" ಅಂದರು. "ಒಳಗೆ ಇಟ್ಕೊಳ್ಳಲೇಬೇಕು. ಆದರೆ ಲೇಬಲ್ ಬರೀಬೇಕಲ್ಲ, ಏನಂತ ಬರೀಲಿ?"

"ಮೇಜಿನ ಮೇಲೆ ಇಡೋ ಹೆಸರಿನ ಹಲಗೆ ಬರೆಸಿ ಸ್ವಾಮಿ, ಅದೇ ಲೇಬಲ್ಲು. ಕ್ಯುರೇಟರ್ ಅಂತ ಹಾಕ್ಸಿ" ಅಂದೆ ನಾನು. "ಕಾಲ ಗೀಲ ಬರೀಬೇಡಿ, ಹೆಣ್ಣುಮಕ್ಕಳ ವಯಸ್ಸು."

ಹೇಮಾಕ್ಷಿ ಮತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು ಮೊದಲು ಮಾಡಿದ ಕೆಲಸ ಅಂದರೆ ಬಾಗಿಲು ಪೂರ್ತಿ ತೆರೆದು ಜನರನ್ನು ಒಳಗೆ ಬಿಟ್ಟದ್ದು. ಸಂಜೆಯವರೆಗೆ ಕಾಯಲಿಲ್ಲ. ಒಂದೊಂದೇ ಬಟ್ಟೆ ಎಳೆದಳು. ಪಾತಾಳಗರಡಿ ಹುಣಸೆಹಣ್ಣಿನ ಹೊಳಪಿನಲ್ಲಿ ಕೂತಿತ್ತು. ಜನ ಅದನ್ನು ಮುಟ್ಟಿದರು, ತಾವು ತಂದದ್ದನ್ನು ಅದರ ಪಕ್ಕಕ್ಕೆ ಇಟ್ಟು ಕೊಕ್ಕೆ ಎಣಿಸಿದರು, ಯಾವ ಬಾವಿಯಲ್ಲಿ ಯಾರ ಕೊಡ ಬಿದ್ದಿತ್ತು ಅಂತ ಜೋರು ಜೋರಾಗಿ ಹೇಳಿಕೊಂಡರು. ಇನ್ನು ಇವರೆಲ್ಲ ಮನೆಗೆ ಹೋದ ಮೇಲೆ ಇದು ಸುಮ್ಮನೆ ಕೂರುವುದಿಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು. ಈಗ ಅದು ಮುಂದಿನ ಹಾಲಿನಲ್ಲಿ ನಗಾರಿಯ ಪಕ್ಕದಲ್ಲಿದೆ. ಹರಕೆಯ ಕೊಬ್ಬರಿ ಎಣ್ಣೆ ನಾನು ತಪ್ಪಿಸಿಲ್ಲ.

ಅವಳನ್ನು ಆ ಗದ್ದಲದಲ್ಲಿ ಬಿಟ್ಟು ನಾನು ರಸ್ತೆ ದಾಟಿ ಮನೆಗೆ ಬಂದೆ. ಮೊದಲು ಮಹಡಿ ಹತ್ತಿ ಎರಡು ಸೂಟ್‌ಕೇಸನ್ನೂ ಒಳಗೆ ತಳ್ಳಿದೆ. ಕೆಳಗೆ ಬಂದು ಒಲೆ ಹಚ್ಚಿದೆ. ಮೊದಲ ಬಿಕ್ಕಳಿಕೆಯ ದಿನ, ಪಾಯಸ ಮಾಡಬೇಕಾದವರು ಯಾರು ಮತ್ತೆ? ಶ್ಯಾವಿಗೆಯನ್ನು ತುಪ್ಪದಲ್ಲಿ ಹುರಿದು, ಹಾಲು ಕುದಿಯಲು ಇಟ್ಟು, ಏಲಕ್ಕಿ ಕುಟ್ಟುತ್ತಿದ್ದೆ.

ಹಿಕ್.

ಗೂಡಿನ ಕಡೆ ತಿರುಗಿ "ಗಿರಿಜಾಂಬ" ಅಂದೆ, ಅಭ್ಯಾಸಬಲ. ನಿಲ್ಲಲಿಲ್ಲ. ಮತ್ತೆ ಬಂದಾಗ ತಿಳಿಯಿತು, ಬಿಕ್ಕಳಿಸುತ್ತಿರುವುದು ಅಡಕತ್ತರಿ ಅಲ್ಲ, ನಾನು. ಕುಟ್ಟಾಣಿ ಕೆಳಗಿಟ್ಟೆ. ಜಯತೀರ್ಥ ಅಂದು ನೋಡಿದೆ, ಹುಚ್ಚು ಆಸೆ, ನಿಲ್ಲಲಿಲ್ಲ. ಆಮೇಲೆ ಇನ್ನೊಂದು ಹೆಸರು ನಾಲಿಗೆಯ ತುದಿಗೆ ಬಂತು. ಹೇಳಲು ಭಯವಾಯಿತು. ಆಗದಿದ್ದರೆ? ಒಂದೆರಡು ಹಿಕ್ ಹಾಗೇ ಬಿಟ್ಟು, ಕೊನೆಗೆ ಧೈರ್ಯ ಮಾಡಿ, ಮೆತ್ತಗೆ ಹೇಳಿದೆ. "ಹೇಮಾಕ್ಷಿ."

ನಿಂತಿತು.

ಆ ಹುಡುಗಿ ನೆನೆಸಿಕೊಂಡದ್ದು ಪಾಯಸವನ್ನೋ ನನ್ನನ್ನೋ ಅಂತ ಒಂದು ಸಣ್ಣ ಅನುಮಾನ ಬಂದು ಪಾತ್ರೆಯ ಹತ್ತಿರ ಕಿವಿ ಹಿಡಿದೆ. ಪಾತ್ರೆ ತನ್ನ ಪಾಡಿಗೆ ತಾನು ಕುದಿಯುತ್ತಿತ್ತು. ಸಕ್ಕರೆ ಡಬ್ಬಿ ತೆಗೆದು, ಹಾಕಬೇಕಾದಷ್ಟು ಹಾಕಿ, ಮೇಲೆ ಇನ್ನೊಂದು ಹಿಡಿ ಹಾಕಿದೆ.